ಕಷ್ಟಕಾಲದಲ್ಲಿ ನಿರೀಕ್ಷೆ: ಶ್ವಾರ್ಟ್ಸ್ ಅಯ್ಯನವರ ಚರಿತ್ರೆ



ಮೈಸೂರು ನಗರದ ಅರಮನೆಗೆ ಪೂರ್ವದಿಕ್ಕಿನಲ್ಲಿ ನಜರ್‌ಬಾದ್ ಎಂಬ ಮೊಹಲ್ಲಾ ಇರುವುದು. ಹಳ್ಳಿಗಳಿಂದ ಮೃಗಾಲಯವನ್ನು ನೋಡಲು ಹೋಗುವವರಲ್ಲಿ ಅನೇಕರು ಅದರ ಬೀದಿಗಳನ್ನು ಹಾದುಹೋಗಿದ್ದರೂ, ಆ ಹೆಸರು ಒಂದು ಕೋಟೆಯ ಹೆಸರೆಂಬುದನ್ನು ಬಲ್ಲವರು ಕೆಲವರೇ. 1787ರ ಸುಮಾರಿಗೆ ಟಿಪ್ಪು ಸುಲ್ತಾನನು ಮೈಸೂರಿನ ಹಳೆಯ ಕೋಟೆಯನ್ನು ಕೆಡವಿಸಿ, ಅದರ ಕಲ್ಲುಗಳನ್ನು ಸಮೀಪದ ದಿಬ್ಬಕ್ಕೆ ಸಾಗಿಸಿ, ಅಲ್ಲಿ ಹೊಸ ಕೋಟೆಯನ್ನು ಕಟ್ಟತೊಡಗಿ ಅದಕ್ಕೆ ನಜರಾಬಾದ್ ಎಂದು ಹೆಸರಿಟ್ಟನು. 1799ರಲ್ಲಿ ಸುಲ್ತಾನನು ಮಡಿದ ಮೇಲೆ ಅವೇ ಕಲ್ಲುಗಳು ಮತ್ತೆ ಮೈಸೂರಿನ ಕೋಟೆಯನ್ನು ಕಟ್ಟುವುದಕ್ಕೆ ಹಿಂದಿರುಗಿ ಬಂದವು. ಹೀಗೆ ಹನ್ನೆರಡು ಹದಿಮೂರು ವರ್ಷಗಳೊಳಗೆ ಕಲ್ಲಿನ ಗೋಡೆಗಳು ಅತ್ತಿಂದಿತ್ತ ನಡೆದಾಡಿದವು.

ಆ ಹಳೆಯ ಕೋಟೆಯು ಇನ್ನೂ ನಿಂತಿದ್ದ 1779ನೆಯ ಇಸವಿಯಲ್ಲಿ, ಆಯುಧವಾಗಲಿ ಕಾವಲು ದಂಡಾಗಲಿ ಇಲ್ಲದ ಒಬ್ಬ ಪಾದ್ರಿಯು ಮೈಸೂರಿನ ಮಾರ್ಗವಾಗಿ ಶ್ರೀರಂಗಪಟ್ಟಣಕ್ಕೆ ಹೋದರು. ಅವರೇ ಕ್ರಿಶ್ಚಿಯನ್ ಫ್ರೆಡರಿಕ್ ಶ್ವಾರ್ಟ್ಸ್ ಅಯ್ಯನವರು. ಯುದ್ಧವೂ ಬರಗಾಲವೂ ಈ ದಕ್ಷಿಣ ದೇಶವನ್ನು ಅರೆದುಹಾಕಿದ ಕಾಲದಲ್ಲಿ, ಕ್ರಿಸ್ತನಲ್ಲಿ ನಿರೀಕ್ಷೆಯಿಡುವುದೆಂದರೆ ಏನೆಂಬುದು ಅವರ ಜೀವಿತದಲ್ಲಿ ಕಣ್ಣಿಗೆ ಕಾಣುವಂತೆ ತೋರಿಬಂದಿತು. ಆದಕಾರಣ ಅವರ ಚರಿತ್ರೆಯನ್ನು ನಮ್ಮ ಸಭೆಗಳವರ ಮುಂದಿಡುತ್ತೇವೆ.

ಅಯ್ಯನವರು 1726ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ಜರ್ಮನರ ದೇಶದ ಸೊನ್ನೆನ್‌ಬರ್ಗ್ ಎಂಬ ಸಣ್ಣ ಪಟ್ಟಣದಲ್ಲಿ ಹುಟ್ಟಿದರು. ಆ ಊರು ಈಗ ಪೋಲೆಂಡ್ ದೇಶಕ್ಕೆ ಸೇರಿರುವುದು. ಅವರು ಇನ್ನೂ ಎಳೆಯ ಕೂಸಾಗಿರುವಾಗಲೇ ತಾಯಿಯು ತೀರಿಕೊಂಡಳು. ಆಕೆಯು ಮರಣಶಯ್ಯೆಯಲ್ಲಿದ್ದಾಗ ಗಂಡನನ್ನೂ ಸಭೆಯ ಬೋಧಕನನ್ನೂ ಹತ್ತಿರ ಕರೆಸಿಕೊಂಡು, ಈ ಮಗುವನ್ನು ತಾನು ಕರ್ತನಿಗೆ ಒಪ್ಪಿಸಿರುವುದಾಗಿ ತಿಳಿಸಿ, ಮುಂದೆ ಅವನಿಗೆ ದೇವರ ಸೇವೆಯಲ್ಲಿ ಮನಸ್ಸು ಹುಟ್ಟಿದರೆ ಯಾರೂ ಅಡ್ಡಿಮಾಡದೆ ಸಹಾಯಮಾಡಬೇಕೆಂದು ಬೇಡಿಕೊಂಡಳು. ಮಗನ ಸೇವೆಯನ್ನು ನೋಡುವ ಭಾಗ್ಯವು ಆ ತಾಯಿಗೆ ದೊರೆಯಲಿಲ್ಲ. ತಾನು ಬಿತ್ತಿದ ಬೀಜವು ಮೊಳೆಯುವುದನ್ನು ಕಾಣದೆಯೇ ಆಕೆ ಕಣ್ಣುಮುಚ್ಚಿದಳು. ನಿರೀಕ್ಷೆಯ ಮೊದಲನೆಯ ಪಾಠವು ಅವರಿಗೆ ಹೀಗೆ ತಾಯಿಯ ಮರಣದಿಂದಲೇ ಬಂದಿತೆನ್ನಬಹುದು.

ಯೌವನದಲ್ಲಿ ಅವರು ಹಾಲೆ ಎಂಬ ಪಟ್ಟಣದ ವಿದ್ಯಾಶಾಲೆಯನ್ನು ಸೇರಿದರು. ಅಲ್ಲಿ ತಮಿಳು ದೇಶದಲ್ಲಿ ಸೇವೆಮಾಡಿ ಹಿಂದಿರುಗಿದ್ದ ಶುಲ್ಟ್ಸೆ ಅಯ್ಯನವರು ತಮಿಳು ಸತ್ಯವೇದದ ಮುದ್ರಣದ ಕೆಲಸವನ್ನು ನಡೆಸಲು ಯೋಚಿಸಿದ್ದರು. ಆ ಕೆಲಸಕ್ಕೆ ನೆರವಾಗಲೆಂದು ಯುವಕನಾದ ಶ್ವಾರ್ಟ್ಸನು ತಮಿಳನ್ನು ಕಲಿಯತೊಡಗಿದನು. ಭಾಷೆಯನ್ನು ಕಲಿತವನ ಹೃದಯವು ಆ ಭಾಷೆಯನ್ನಾಡುವ ಜನರ ಕಡೆಗೆ ತಿರುಗಿತು. ತಂದೆಯ ಅಪ್ಪಣೆಯನ್ನು ಪಡೆದು, ತನಗೆ ಬರಬೇಕಾದ ಆಸ್ತಿಯ ಪಾಲನ್ನು ಒಡಹುಟ್ಟಿದವರಿಗೆ ಬಿಟ್ಟುಕೊಟ್ಟು, 1749ರಲ್ಲಿ ಕೋಪನ್‌ಹೇಗನ್ ನಗರದಲ್ಲಿ ಬೋಧಕಾಭಿಷೇಕವನ್ನು ಹೊಂದಿ, 1750ರಲ್ಲಿ ಹಡಗಿನಿಂದ ತರಂಗಂಬಾಡಿಗೆ ಬಂದು ಇಳಿದರು. ಆಗ ಅವರ ವಯಸ್ಸು 23. ಅವರು ಮತ್ತೆಂದೂ ಸ್ವದೇಶವನ್ನು ನೋಡಲಿಲ್ಲ. ಮದುವೆಯನ್ನೂ ಮಾಡಿಕೊಳ್ಳಲಿಲ್ಲ. 48 ವರ್ಷಗಳ ಕಾಲ ಈ ದೇಶದಲ್ಲಿಯೇ ದುಡಿದು ಇಲ್ಲಿಯೇ ಮಣ್ಣಾದರು.

ಅವರು ತಮಿಳಲ್ಲದೆ ಪಾರಸಿ, ಹಿಂದೂಸ್ಥಾನಿ, ಮರಾಠಿ, ಪೋರ್ಚುಗೀಸ್ ಮೊದಲಾದ ಭಾಷೆಗಳನ್ನೂ ಕಲಿತುಕೊಂಡರು. ಅರಮನೆಯಲ್ಲಿ ಪಾರಸಿಯೂ ಮರಾಠಿಯೂ, ದಂಡಿನ ಕೇರಿಯಲ್ಲಿ ಹಿಂದೂಸ್ಥಾನಿಯೂ, ಹೊಲದ ಬದಿಯಲ್ಲಿ ತಮಿಳೂ ಬೇಕಾಗಿದ್ದ ಕಾಲವದು. ತಿರುಚಿನಾಪಳ್ಳಿಯಲ್ಲಿ ವಾಸಿಸುತ್ತಿದ್ದಾಗ ಅವರ ಮನೆಯು ಹಳೆಯ ಕಟ್ಟಡವೊಂದರ ಒಂದೇ ಕೋಣೆಯಾಗಿತ್ತು. ಅದರಲ್ಲಿ ಮಂಚವನ್ನು ಹಾಕಿದರೆ ಮನುಷ್ಯನು ನಿಲ್ಲುವಷ್ಟು ಮಾತ್ರ ಜಾಗವಿತ್ತು. ಅನ್ನವೂ ಕಾಯಿಪಲ್ಯವೂ ಅವರ ಊಟ, ಕಪ್ಪುಬಣ್ಣ ಹಾಕಿಸಿದ ಸಾಧಾರಣವಾದ ಹತ್ತಿಬಟ್ಟೆಯೇ ಅವರ ಉಡುಪು. ವರ್ಷಕ್ಕೆ ಸುಮಾರು 48 ಪೌಂಡು ವರಮಾನದಲ್ಲಿ ಅವರು ತಾವು ಜೀವಿಸಿದ್ದಲ್ಲದೆ ಇತರರಿಗೂ ಕೊಟ್ಟರು.

ಆ ಊರಿನ ಮದ್ದಿನ ಮನೆಯು ಅಕಸ್ಮಾತ್ತಾಗಿ ಸಿಡಿದು ಅನೇಕ ಸಿಪಾಯಿಗಳು ಸತ್ತಾಗ, ದಿಕ್ಕಿಲ್ಲದೆ ಉಳಿದ ಮಕ್ಕಳಿಗಾಗಿ ಹಣವನ್ನು ಕೂಡಿಸಿ ಒಂದು ಪಾಠಶಾಲೆಯನ್ನು ತೆರೆದರು. 1764ರಲ್ಲಿ ಮಧುರೆಯ ಮುತ್ತಿಗೆಯ ಸಮಯದಲ್ಲಿ ಗಾಯಗೊಂಡವರ ಮತ್ತು ರೋಗಿಗಳ ಬಳಿಯಲ್ಲಿದ್ದು ಸೇವೆಮಾಡಿದರು. ತಾಯಿಯಿಲ್ಲದೆ ಬೆಳೆದವರಾದ ಈ ಅಯ್ಯನವರಿಗೆ ಅನಾಥರ ವಿಷಯದಲ್ಲಿ ಎಂಥ ಅಕ್ಕರೆಯಿತ್ತೆಂಬುದನ್ನು ಮುಂದೆಯೂ ನೋಡುವೆವು.

ಈಗ ಮೈಸೂರಿನ ಸಂಗತಿಗೆ ಬರೋಣ. 1779ರಲ್ಲಿ ಇಂಗ್ಲಿಷ್ ಕಂಪನಿಯವರಿಗೂ ಹೈದರಾಲಿಗೂ ಮನಸ್ತಾಪವು ಬಲವಾಗಿತ್ತು. ಹೈದರನಿಗೆ ಯುದ್ಧಸಾಮಗ್ರಿಗಳು ಬರುತ್ತಿದ್ದ ಮಾಹೆ ಎಂಬ ಫ್ರೆಂಚರ ರೇವನ್ನು, ಅವನು ಬೇಡವೆಂದು ಎಚ್ಚರಿಸಿದ್ದರೂ, ಕಂಪನಿಯವರು ಆ ವರ್ಷದ ಮಾರ್ಚ್ ತಿಂಗಳಲ್ಲಿ ಹಿಡಿದುಕೊಂಡಿದ್ದರು. ಹೈದರನ ಮನಸ್ಸಿನಲ್ಲಿ ಏನಿದೆಯೆಂದು ತಿಳಿಯಲು, ತಮಗೆ ಸಮಾಧಾನವೇ ಬೇಕೆಂದು ಅವನಿಗೆ ಹೇಳಿಸಲು, ಮದ್ರಾಸಿನ ಗವರ್ನರನಾದ ಸರ್ ಥಾಮಸ್ ರಂಬೋಲ್ಡನು ನಂಬಿಗಸ್ತನಾದ ಮನುಷ್ಯನನ್ನು ಹುಡುಕಿ, ಶ್ವಾರ್ಟ್ಸ್ ಅಯ್ಯನವರನ್ನು ಕೇಳಿಕೊಂಡನು. ರಾಜಕಾರ್ಯವು ಬೋಧಕನಿಗೆ ತಕ್ಕದ್ದೋ ಅಲ್ಲವೋ ಎಂದು ಅವರು ಯೋಚಿಸಿ ಪ್ರಾರ್ಥಿಸಿದರು. ರಕ್ತಪಾತವು ತಪ್ಪುವುದಾದರೆ ಅದು ದೇವರಿಗೆ ಮೆಚ್ಚಿಕೆಯಾದ ಕಾರ್ಯವೆಂದೂ, ಸುವಾರ್ತೆಯು ಕೇಳಿಬಾರದ ಸ್ಥಳಗಳಲ್ಲಿ ಅದನ್ನು ಸಾರುವ ಸಮಯವು ದೊರೆಯುವುದೆಂದೂ ಎಣಿಸಿ ಒಪ್ಪಿದರು. ಆದರೆ ಈ ಕೆಲಸಕ್ಕಾಗಿ ಯಾವ ಕಾಣಿಕೆಯನ್ನೂ ಮುಟ್ಟಬಾರದೆಂದು ಮೊದಲೇ ನಿಶ್ಚಯಿಸಿಕೊಂಡರು.

ಜುಲೈ ತಿಂಗಳಲ್ಲಿ ಅವರು ಹೊರಟು ಕರೂರಿಗೆ ಬಂದು, ಹೈದರನ ಅಪ್ಪಣೆಗಾಗಿ ಅಲ್ಲಿ ಬಹುದಿನ ಕಾದರು. ಅನಂತರ ಸತ್ಯಮಂಗಲದ ಕಡೆಯಿಂದ ಘಟ್ಟವನ್ನೇರಿ ಕನ್ನಡ ಸೀಮೆಯನ್ನು ಹೊಕ್ಕು, ಮೈಸೂರನ್ನು ಹಾದು, ಆಗಸ್ಟ್ ತಿಂಗಳ ಕೊನೆಯ ಭಾಗದಲ್ಲಿ ಶ್ರೀರಂಗಪಟ್ಟಣವನ್ನು ಮುಟ್ಟಿದರು. ಕೋಟೆಯೊಳಗೆ ಆಗ ಜ್ವರದ ಹಾವಳಿಯಿದ್ದುದರಿಂದ ಅವರು ಹೊರಗೆ ಡೇರೆಯಲ್ಲಿ ಇಳಿದುಕೊಂಡರು. ಹೈದರನ ದಂಡಿನಲ್ಲಿ ಸಂಬಳಕ್ಕಿದ್ದ ಯೂರೋಪಿನವರು, ಅವರಲ್ಲಿ ಜರ್ಮನರು ಬಹುಮಂದಿ, ಅವರ ಬಳಿಗೆ ಬಂದರು. ಅಯ್ಯನವರು ಅವರೊಂದಿಗೆ ಭಾನುವಾರದ ಆರಾಧನೆಯನ್ನು ನಡೆಸಿದರು. ಇದಕ್ಕೆ ಹೈದರನು ಯಾವ ತಡೆಯನ್ನೂ ಮಾಡಲಿಲ್ಲ. ಸ್ವದೇಶದಿಂದ ಬಹುದೂರವಾಗಿ, ಪರರ ಯುದ್ಧದಲ್ಲಿ ಪ್ರಾಣಕ್ಕೆ ಬೆಲೆಕಟ್ಟಿಕೊಂಡಿದ್ದ ಆ ಸಿಪಾಯಿಗಳು ಕಾವೇರಿಯ ತೀರದಲ್ಲಿ ತಮ್ಮ ತಾಯಿನುಡಿಯಲ್ಲಿ ದೇವರ ವಾಕ್ಯವನ್ನು ಕೇಳಿದರು.

ಅಯ್ಯನವರು ಅರಮನೆಯ ಬಳಿಯಲ್ಲಿ ಹುಡುಗರ ಗುಂಪೊಂದನ್ನು ಕಂಡು ವಿಚಾರಿಸಲಾಗಿ, ಅವರು ತಂದೆತಾಯಿಗಳಿಲ್ಲದವರೆಂದೂ, ಹೈದರನು ಅವರಿಗೆ ಅನ್ನವಸ್ತ್ರಗಳನ್ನು ಕೊಟ್ಟು ಸಾಕುವನೆಂದೂ ತಿಳಿಯಿತು. ಇದನ್ನು ಅವರು ಮರೆಮಾಡದೆ ಬರೆದಿಟ್ಟರು. ಅವನ ಆಳ್ವಿಕೆಯಲ್ಲಿದ್ದ ಕಠಿಣವಾದ ದಂಡನೆಗಳನ್ನೂ ಹಾಗೆಯೇ ಬರೆದರು. ತನ್ನ ಪಕ್ಷದವನಲ್ಲದವನಲ್ಲಿಯೂ ಒಳ್ಳೆಯದನ್ನು ಕಂಡರೆ ಅದನ್ನು ಒಳ್ಳೆಯದೆಂದು ಹೇಳುವುದು ಸತ್ಯವಂತನ ಲಕ್ಷಣವಲ್ಲವೇ?

ಹೈದರನು ಅವರನ್ನು ಮರ್ಯಾದೆಯಿಂದ ಬರಮಾಡಿಕೊಂಡು ಹತ್ತಿರ ಕುಳ್ಳಿರಿಸಿಕೊಂಡನು. ಕಂಪನಿಯವರು ಕೊಟ್ಟ ಮಾತುಗಳನ್ನು ಎಷ್ಟು ಸಾರಿ ಮುರಿದರೆಂಬುದನ್ನು ಒಂದೊಂದಾಗಿ ಎತ್ತಿಹೇಳಿ, ಅವರು ಸಮಾಧಾನದ ಕೈಯನ್ನು ನೀಡಿದರೆ ತಾನೂ ಹಿಂದೆಗೆಯುವುದಿಲ್ಲವೆಂದು ತಿಳಿಸಿದನು. ಆ ದೂರುಗಳು ಸುಳ್ಳಾಗಿರಲಿಲ್ಲ. ದಾರಿಯ ವೆಚ್ಚಕ್ಕೆಂದು ಅವನು 300 ರೂಪಾಯಿಗಳ ಒಂದು ಚೀಲವನ್ನು ಕೊಡಿಸಿದನು. ನಿರಾಕರಿಸಿದರೆ ಅವಮಾನವಾಗುವುದೆಂದು ಜನರು ಹೇಳಿದ್ದರಿಂದ ಅಯ್ಯನವರು ಅದನ್ನು ತೆಗೆದುಕೊಂಡು, ಮದ್ರಾಸಿಗೆ ಹೋಗಿ ಸರಕಾರದವರ ಮುಂದಿಟ್ಟರು. ಅವರು ಅದನ್ನು ಅಯ್ಯನವರಿಗೇ ಹಿಂದಕ್ಕೆ ಕೊಟ್ಟರು. ಆಗ ಅವರು ಆ ಹಣವನ್ನು ಮೂಲಧನವಾಗಿಟ್ಟು ತಂಜಾವೂರಿನಲ್ಲಿ ಅನಾಥ ಮಕ್ಕಳಿಗಾಗಿ ಪಾಠಶಾಲೆಯನ್ನು ಪ್ರಾರಂಭಿಸಿದರು. ಮೈಸೂರಿನ ಒಡೆಯನ ಹಣವು ತಂಜಾವೂರಿನ ಅನಾಥರಿಗೆ ಅಕ್ಷರವಾಯಿತು.

ಆದರೆ ಪ್ರಿಯರೇ, ಅವರು ಹೋದ ಕಾರ್ಯವು ಕೈಗೂಡಲಿಲ್ಲವೆಂಬುದನ್ನು ನಾವು ಮುಚ್ಚಿಡಬಾರದು. ಸಮಾಧಾನದ ಮಾತನ್ನು ಹೊತ್ತುಹೋದವರು ಪ್ರಾಮಾಣಿಕರಾಗಿದ್ದರೂ, ಅದನ್ನು ಕಳುಹಿಸಿದವರು ಅದಕ್ಕೆ ತಕ್ಕ ಹಾಗೆ ನಡೆಯಲಿಲ್ಲ. 1780ರ ಜುಲೈ ತಿಂಗಳಲ್ಲಿ ಹೈದರನ ಮಹಾಸೈನ್ಯವು ಘಟ್ಟಗಳಿಂದಿಳಿದು ಕರ್ನಾಟಕ್ ಎಂದು ಆಗ ಕರೆಯಲ್ಪಡುತ್ತಿದ್ದ ತಮಿಳು ಸೀಮೆಯ ಮೇಲೆ ಬಿದ್ದಿತು. ಊರುಗಳು ಬೆಂದವು. ಬೆಳೆಗಳು ನಾಶವಾದವು. ದನಕರುಗಳು ಹೊಡೆಯಲ್ಪಟ್ಟವು. ಮಾಡಿದ ಪ್ರಾರ್ಥನೆಗೂ ನಡೆದ ದಾರಿಗೂ ಫಲವೇನು ಎಂದು ಕೇಳಬಹುದಾಗಿದ್ದ ಸಮಯವದು. ನಮ್ಮಲ್ಲಿಯೂ ಮಗುವಿನ ಕಾಯಿಲೆಗಾಗಿ ರಾತ್ರಿಯೆಲ್ಲಾ ಮೊಣಕಾಲೂರಿ ಬೇಡಿಕೊಂಡು, ಬೆಳಗಾಗುವಾಗ ಆ ಮಗುವನ್ನು ಮಣ್ಣಿಗೆ ಒಪ್ಪಿಸಿದ ತಂದೆತಾಯಿಗಳು ಉಂಟು. ಅಂಥವರು ಈ ಅಯ್ಯನವರು ಆಮೇಲೆ ಏನು ಮಾಡಿದರೆಂಬುದನ್ನು ಗಮನವಿಟ್ಟು ಕೇಳಲಿ.

ಅವರು ತಂಜಾವೂರನ್ನು ಬಿಟ್ಟು ಹೋಗಲಿಲ್ಲ. ಧಾನ್ಯದ ಬೆಲೆಯು ಇನ್ನೂ ಇಳಿದಿದ್ದಾಗಲೇ ಅವರು ಅಕ್ಕಿಯನ್ನು ಕೊಂಡು ಕೂಡಿಟ್ಟಿದ್ದರು. ಐಗುಪ್ತದಲ್ಲಿ ಯೋಸೇಫನು ಮಾಡಿದ ಕೆಲಸವು ನಮಗೆ ಇಲ್ಲಿ ನೆನಪಿಗೆ ಬರುವುದು. ಸುತ್ತಲಿನ ಹಳ್ಳಿಗಳಿಂದ ಹಸಿದವರು ಕೋಟೆಯ ಊರಿಗೆ ನುಗ್ಗಿಬಂದು ಬೀದಿಗಳಲ್ಲಿ ಬಿದ್ದು ಸಾಯುತ್ತಿದ್ದಾಗ, ಅಯ್ಯನವರು ತಮ್ಮ ಉಪದೇಶಿಗಳೊಂದಿಗೆ ಪ್ರತಿದಿನವೂ ಅನೇಕರಿಗೆ ಗಂಜಿ ಅನ್ನಗಳನ್ನು ಬಡಿಸಿದರು. ಎಲ್ಲರನ್ನೂ ಉಳಿಸಲಾಗಲಿಲ್ಲ. ಬೆಳಗ್ಗೆ ಎದ್ದರೆ ಹೊಸ ಹೆಣಗಳನ್ನು ಕಾಣಬೇಕಾಗಿತ್ತು. ಆದರೂ ಮಾರನೆಯ ದಿನ ಒಲೆಯು ಉರಿಯಿತು.

ಇನ್ನೂ ದೊಡ್ಡದೊಂದು ಅಪಾಯವು ಬಂದಿತು. ಕೋಟೆಯೊಳಗಿನ ಉಗ್ರಾಣವು ಬರಿದಾಯಿತು. ಹಳ್ಳಿಗಳಲ್ಲಿ ಧಾನ್ಯವು ಇಲ್ಲದಿರಲಿಲ್ಲ, ಆದರೆ ಅದನ್ನು ತರಲು ಎತ್ತುಗಳಿರಲಿಲ್ಲ. ರೈತರು ಎತ್ತುಗಳನ್ನು ಕೊಡಲೊಲ್ಲದೆ ಇದ್ದರು. ಏಕೆಂದರೆ ಹಿಂದೆ ಅವರು ಕೊಟ್ಟದ್ದಕ್ಕೆ ಹಣ ಬಂದಿರಲಿಲ್ಲ. ರಾಜನು ಆಜ್ಞಾಪಿಸಿದರೂ ಅವರು ನಂಬಲಿಲ್ಲ. ಕಂಪನಿಯವರು ಕೇಳಿದರೂ ನಂಬಲಿಲ್ಲ. ಕಡೆಗೆ ಈ ಕೆಲಸವು ಶ್ವಾರ್ಟ್ಸ್ ಅಯ್ಯನವರ ಪಾಲಿಗೆ ಬಂದಿತು. ಪ್ರತಿಯೊಬ್ಬನಿಗೂ ಹಣವು ಸಲ್ಲುವುದು, ಅದಕ್ಕೆ ತಾನೇ ಹೊಣೆ ಎಂದು ಅವರು ಊರೂರಿಗೆ ಓಲೆಗಳನ್ನು ಕಳುಹಿಸಿದರು. ಒಂದೆರಡು ದಿನಗಳಲ್ಲಿಯೇ 1000 ಎತ್ತುಗಳು ಬಂದು ನಿಂತವು. ಜನರು ಪ್ರಾಣಭಯವನ್ನು ಲೆಕ್ಕಿಸದೆ ಹೊರಗೆ ಹೋಗಿ 80,000 ಕಲಂ ಧಾನ್ಯವನ್ನು ಕೋಟೆಗೆ ತಂದು ಹಾಕಿದರು. ಅಯ್ಯನವರು ಕೊಟ್ಟ ಮಾತಿನಂತೆ ಎಲ್ಲರಿಗೂ ಹಣವನ್ನು ಸಲ್ಲಿಸಿ, ಪ್ರತಿಯೊಬ್ಬನಿಗೂ ಸಣ್ಣದೊಂದು ಉಡುಗೊರೆಯನ್ನೂ ಕೊಟ್ಟು ಮನೆಗೆ ಕಳುಹಿಸಿದರು. ಹೀಗೆ ಕೋಟೆಯು ಉಳಿಯಿತು.

ಇದಕ್ಕೆ ಕಾರಣವೇನೆಂದು ಯೋಚಿಸಿರಿ. ಆ ರೈತರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಅವರು ಅಯ್ಯನವರ ಪ್ರಸಂಗಗಳನ್ನು ಮೆಚ್ಚಿಕೊಂಡು ಎತ್ತುಗಳನ್ನು ಕಟ್ಟಿಕೊಂಡು ಬರಲಿಲ್ಲ. ಮೂವತ್ತು ವರ್ಷಗಳಿಂದ ಈ ಮನುಷ್ಯನು ಲಂಚ ಮುಟ್ಟದವನು, ಅನ್ನ ತರಕಾರಿ ಉಂಡು ಒಂದು ಕೋಣೆಯಲ್ಲಿ ಬದುಕಿದವನು, ಆಡಿದ ಮಾತನ್ನು ತಪ್ಪದವನು ಎಂದು ಅವರು ಬಲ್ಲವರಾಗಿದ್ದರು. ಶ್ರೀರಂಗಪಟ್ಟಣದಲ್ಲಿ ಅವರು ಆಡಿದ ಮಾತು ಯುದ್ಧವನ್ನು ನಿಲ್ಲಿಸಲಿಲ್ಲ, ನಿಜ. ಆದರೆ ಆ ಪ್ರಯಾಣವು ವ್ಯರ್ಥವಾಗಲೂ ಇಲ್ಲ. ಆ ಪೂಜ್ಯ ಪಾದ್ರಿಯನ್ನು ಯಾರೂ ತಡೆಯಬಾರದು, ಅವನು ತನ್ನ ಸರಕಾರಕ್ಕೆ ಕೇಡನ್ನೆಣಿಸುವವನಲ್ಲ ಎಂದು ಹೈದರನು ತನ್ನ ಸರದಾರರಿಗೆ ಅಪ್ಪಣೆಕೊಟ್ಟಿದ್ದನು. ಸೈನ್ಯಗಳು ಸುತ್ತಾಡುತ್ತಿದ್ದ ಸೀಮೆಯಲ್ಲಿ ಅಯ್ಯನವರು ಆ ಅಪ್ಪಣೆಯ ನೆರಳಿನಲ್ಲಿ ಸಭೆಯಿಂದ ಸಭೆಗೆ ಹೋಗಿಬಂದರು. ನಾವು ಬೇಡಿದ್ದನ್ನು ಕೊಡದೆ, ನಮಗೆ ಮುಂದೆ ಬೇಕಾಗುವುದನ್ನು ದೇವರು ಕೆಲವು ಸಾರಿ ಮೊದಲೇ ಸಿದ್ಧಮಾಡುವನು.

1782ರ ಡಿಸೆಂಬರ್ ತಿಂಗಳಲ್ಲಿ ಹೈದರಾಲಿಯು ತೀರಿಹೋದನು. ಯುದ್ಧದ ಕೊನೆಯಲ್ಲಿ ಟಿಪ್ಪುವಿನೊಡನೆ ಸಂಧಾನ ನಡೆಯುವಾಗ ಅಯ್ಯನವರು ಮತ್ತೆ ಮೈಸೂರು ಸೀಮೆಯ ಕಡೆಗೆ ಹೊರಟರು. ಈ ಸಲ ಸತ್ಯಮಂಗಲದಿಂದಲೇ ಅವರನ್ನು ಹಿಂದಕ್ಕೆ ಕಳುಹಿಸಿಬಿಟ್ಟರು. 1784ರ ಮಾರ್ಚ್ ತಿಂಗಳಲ್ಲಿ ಮಂಗಳೂರಿನಲ್ಲಿ ಒಪ್ಪಂದವಾಗಿ ಯುದ್ಧವು ನಿಂತಿತು.

ಯುದ್ಧವು ನಿಂತರೂ ಬಡವರ ಕಷ್ಟವು ನಿಲ್ಲಲಿಲ್ಲ. ತಂಜಾವೂರಿನ ಅಧಿಕಾರಿಗಳು ರೈತರ ಬೆಳೆಯಲ್ಲಿ ಮಿತಿಮೀರಿದ ಪಾಲನ್ನು ಕಸಿದುಕೊಂಡದ್ದರಿಂದ 65,000 ಜನರು ಹೊಲಮನೆಗಳನ್ನು ಬಿಟ್ಟು ಸೀಮೆಯಿಂದ ಓಡಿಹೋದರು. ಇನ್ನು ಅನ್ಯಾಯ ನಡೆಯದೆಂದು ರಾಜನು ಹೇಳಿಸಿದರೂ ಯಾರೂ ಬರಲಿಲ್ಲ. ರಾಜನ ಬೇಡಿಕೆಯ ಮೇಲೆ ಶ್ವಾರ್ಟ್ಸ್ ಅಯ್ಯನವರು ತಾವೇ ಮಾತುಕೊಟ್ಟು ಕರೆದಾಗ ಒಂದೇ ದಿನದಲ್ಲಿ 7,000 ಜನರು ಹಿಂದಿರುಗಿದರು. ಬಿತ್ತನೆಯ ಕಾಲವು ಮೀರಿತ್ತು. ಆದರೂ ಅವರು ತಮಗೆ ದಯೆ ತೋರಿಸಿದ ಅಯ್ಯನವರ ಮುಖವನ್ನು ನೋಡಿ ಹಗಲಿರುಳೆನ್ನದೆ ದುಡಿಯಲು ಒಪ್ಪಿದರು.

1787ರಲ್ಲಿ ತುಳಜಾಜಿ ರಾಜನು ಸಾಯುವ ಮುನ್ನ ತಾನು ದತ್ತು ತೆಗೆದುಕೊಂಡ ಬಾಲಕ ಸರಫೋಜಿಯನ್ನು ಅಯ್ಯನವರ ಕೈಗೆ ಒಪ್ಪಿಸಬಯಸಿದನು. ರಾಜ್ಯಭಾರವು ತನ್ನ ಕೆಲಸವಲ್ಲವೆಂದು ಅವರು ಒಪ್ಪದೆ, ರಾಜನ ತಮ್ಮನಾದ ಅಮರಸಿಂಹನಿಗೆ ಆ ಹೊಣೆಯನ್ನು ಕೊಡಿಸಿದರು. ಆದರೆ ಅವನು ಬಾಲಕನನ್ನು ಚೆನ್ನಾಗಿ ನೋಡಿಕೊಳ್ಳಲಿಲ್ಲ. ಆಗ ಅಯ್ಯನವರು ಆ ಹುಡುಗನ ರಕ್ಷಣೆಗೆ ನಿಂತು, ಅವನಿಗೆ ವಿದ್ಯೆಯನ್ನು ಕಲಿಸುವ ಏರ್ಪಾಡು ಮಾಡಿದರು. ಸರಫೋಜಿಯು ಕ್ರೈಸ್ತನಾಗಲಿಲ್ಲ. ಆದರೂ ಅಯ್ಯನವರು ಅವನ ಮೇಲಿನ ಪ್ರೀತಿಯನ್ನು ಕಡಿಮೆಮಾಡಲಿಲ್ಲ, ಅವನೂ ಅವರನ್ನು ತಂದೆಯೆಂದೇ ಎಣಿಸಿದನು.

ಕಡೆಯ ದಿನಗಳಲ್ಲಿ ದೇಹದ ಬಾಧೆಯು ಅಯ್ಯನವರಿಗೆ ತಪ್ಪಲಿಲ್ಲ. ಬಹುಕಾಲದಿಂದ ಬಾತುಕೊಂಡಿದ್ದ ಅವರ ಎಡಗಾಲು ಹುಣ್ಣಾಗಿ ಬಹಳ ನೋಯಿಸಿತು. ಸರಫೋಜಿಯು ಬಂದು ನೋಡಿದಾಗ ಅವರು ಅವನನ್ನು ಆಶೀರ್ವದಿಸಿದರು. ಜೊತೆಸೇವಕರು ಹಾಸಿಗೆಯ ಬಳಿಯಲ್ಲಿ ಗೀತಗಳನ್ನು ಹಾಡಿ ಪ್ರಾರ್ಥಿಸಿದರು. 1798ರ ಫೆಬ್ರವರಿ 13ರಂದು, 71 ವರ್ಷ ವಯಸ್ಸಿನಲ್ಲಿ, ಅವರು ಕರ್ತನಲ್ಲಿ ನಿದ್ರೆಹೋದರು. ಅದೇ ವರ್ಷ ಸರಫೋಜಿಯು ಪಟ್ಟಕ್ಕೆ ಬಂದನು. ಅವನು ಫ್ಲಾಕ್ಸ್‌ಮನ್ ಎಂಬ ಇಂಗ್ಲಿಷ್ ಶಿಲ್ಪಿಯಿಂದ ಅಮೃತಶಿಲೆಯ ಸ್ಮಾರಕವನ್ನು ಮಾಡಿಸಿ ತಂಜಾವೂರಿನ ಕೋಟೆಯ ದೇವಾಲಯದಲ್ಲಿ ಇಡಿಸಿದನು. ಮರಣಶಯ್ಯೆಯಲ್ಲಿರುವ ಪಾದ್ರಿಯನ್ನೂ ಅವರ ಬಳಿಯಲ್ಲಿ ನಿಂತಿರುವ ರಾಜನನ್ನೂ ಅದರಲ್ಲಿ ಇಂದಿಗೂ ಕಾಣಬಹುದು.

ಪ್ರಿಯ ಸಭೆಯವರೇ, ಕ್ರಿಸ್ತನನ್ನು ನಂಬಿದರೆ ಮಳೆ ತಪ್ಪದು, ಸಾಲ ಮುಟ್ಟದು, ರೋಗ ಬಾರದು ಎಂದು ಕೆಲವರು ಎಣಿಸಿಕೊಂಡು, ಅವು ಬಂದಾಗ ಸಭೆಯ ಬಾಗಿಲನ್ನೇ ಮರೆತುಬಿಡುವರು. ಈ ಅಯ್ಯನವರ ನಿರೀಕ್ಷೆಯು ಅಂಥದ್ದಾಗಿರಲಿಲ್ಲ. ಅವರ ಪ್ರಾರ್ಥನೆಯ ನಂತರವೂ ಯುದ್ಧ ಬಂದಿತು, ಅನ್ನ ಬಡಿಸಿದ ನಂತರವೂ ಜನರು ಸತ್ತರು, ಕಡೆಗೆ ಅವರ ಕಾಲೂ ಕೊಳೆಯಿತು. ಶಿಲುಬೆಗೆ ಜಡಿಯಲ್ಪಟ್ಟು ಮೂರನೆಯ ದಿನ ಎದ್ದು ಬಂದ ಕರ್ತನನ್ನು ನಂಬಿದವರಾದ್ದರಿಂದ, ಸೋಲಿನ ಮಾರನೆಯ ದಿನವೂ ಅವರಿಗೆ ಮಾಡಲು ಕೆಲಸವಿತ್ತು. ನಿರೀಕ್ಷೆಯೆಂಬುದು ಅವರಲ್ಲಿ ಅಕ್ಕಿಯ ಮೂಟೆಯಾಗಿ, ತಪ್ಪದ ಓಲೆಯಾಗಿ, ಅನಾಥನ ಪಾಠಶಾಲೆಯಾಗಿ ನೆರೆಯವರ ಕೈಗೆ ಮುಟ್ಟಿತು.

ನಮ್ಮಲ್ಲಿ ಸಾವಿರ ಎತ್ತುಗಳನ್ನು ಕರೆಸುವಷ್ಟು ಹೆಸರುಳ್ಳವರು ಯಾರೂ ಇಲ್ಲದಿರಬಹುದು. ಆದರೆ ಕೊಳವೆಬಾವಿ ಬತ್ತಿದ ನೆರೆಯವನಿಗೆ ಒಂದು ಕೊಡ ನೀರನ್ನು ಕೊಡಬಹುದು. ವಿಧವೆಯಾದವಳ ಹೊಲಕ್ಕೆ ಒಂದು ದಿನ ನೇಗಿಲು ಹೂಡಬಹುದು. ತೆಗೆದುಕೊಂಡ ಕೈಸಾಲವನ್ನು ಹೇಳಿದ ದಿನಕ್ಕೆ ತೀರಿಸಬಹುದು. ಕಷ್ಟದಲ್ಲಿರುವವನು ನಮ್ಮ ಬಾಯಿಯ ಮಾತಿಗಿಂತ ಮೊದಲು ನಮ್ಮ ನಡತೆಯನ್ನು ನೋಡಿ, ಇವರ ದೇವರನ್ನು ನಂಬಬಹುದೋ ಎಂದು ತೂಗುವನು.

ಇನ್ನೊಮ್ಮೆ ಮೈಸೂರಿಗೆ ಹೋದಾಗ ನಜರ್‌ಬಾದಿನ ಬೀದಿಯಲ್ಲಿ ಸ್ವಲ್ಪ ನಿಂತು ನೋಡಿರಿ. ಟಿಪ್ಪು ಸುಲ್ತಾನನ ಆ ಕೋಟೆ ಅಲ್ಲಿಲ್ಲ, ಹೆಸರು ಮಾತ್ರ ಉಳಿದಿದೆ. ಆದರೆ ಆ ದಾರಿಗೆ ಸಮೀಪವಾಗಿ ಹಾದುಹೋದ ಒಬ್ಬ ಬಡ ಪಾದ್ರಿಯ ಮಾತು, ಹಸಿದವರ ಪಾಲಿಗೆ ಕೋಟೆಗಿಂತಲೂ ಗಟ್ಟಿಯಾಗಿ ನಿಂತಿತು. ಅಂಥ ಮಾತನ್ನು ಆಡುವ ಮತ್ತು ಅದರಂತೆ ನಡೆಯುವ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ.